ಎಡದಿಂದ ಓದಬೇಕಿದ್ದ ಕತ್ತೆ

ನನಗೆ ಚಿತ್ರ ಬರುತ್ತಿತ್ತು, ನನ್ನ ಗೆಳತಿಗೆ ಅಕ್ಷರ. ನನ್ನ ಉರ್ದು ಬರಹವೆಂದರೆ ಮಸಿಯಲ್ಲಿ ಬಿದ್ದ ಇರುವೆ ಹಾಳೆಯ ಮೇಲೆ ಎದ್ದುಬಿದ್ದು ಓಡಿದ ಹಾಗೆ. ಅವಳದನ್ನು ನಮಗೆ ಕಲಿಸುವ ಉಸ್ತಾನಿಯವರು ಹಲಗೆಯ ಸಮೇತ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಲಿಂಗಸುಗೂರಿನ ಹೆಣ್ಣುಮಕ್ಕಳ ಸಾಲೆ ಅದು, ನಿಜಾಮರ ಕಾಲ. ಸಾಲೆಯಲ್ಲಿ ಓದುವುದು ಉರ್ದು, ಬಲದಿಂದ ಎಡಕ್ಕೆ. ಸಂಜೆ ಮನೆಯಲ್ಲಿ ಅಜ್ಜ ಉಸುಕಿನ ಮೇಲೆ ಬೆರಳು ಹಿಡಿದು ಕನ್ನಡ ತಿದ್ದಿಸುತ್ತಿದ್ದ, ಎಡದಿಂದ ಬಲಕ್ಕೆ. ಅವಳ ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ನನ್ನಷ್ಟೇ ಕನ್ನಡ. ಅವಳ ಮನೆಯೋ, ಸಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು.

ನಮ್ಮಿಬ್ಬರ ಆಟವೆಲ್ಲ ಪ್ರಾಣಿಗಳ ಕತೆ ಕಟ್ಟುವುದು. ಅಗಸರ ಕತ್ತೆ, ಅವಳ ಮನೆಯ ಕೋಳಿ, ನಮ್ಮ ಮನೆಯ ಆಡು, ಮೂವರೂ ಗೆಳೆಯರು. ಮೂವರೊಳಗೆ ಸರದಾರ ಯಾರು ಎಂಬುದೇ ದಿನದ ಜಗಳ. ಕೋಳಿಯ ಪರ ಅವಳು, ಆಡಿನ ಪರ ನಾನು. ಕೊನೆಗೆ ಯಾರಿಗೂ ಬೇಡವಾದ ಕತ್ತೆಗೆ ಪಟ್ಟ ಕಟ್ಟಿ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದೆವು.

ಇನ್ಸ್‌ಪೆಕ್ಟರ್ ಬಾಯಿಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು. ಗೋಡೆಗೆ ಏನಾದರೂ ಅಂಟಿಸಿ ಚೆಂದ ಮಾಡಿರಿ ಎಂದರು ಉಸ್ತಾನಿ. ತಪಾಸಣೆ ಮುಗಿದ ಮೇಲೆ ಕ್ಲಾಸಿಗೆ ಮಾನಿಟರ್ ಒಬ್ಬಳನ್ನು ಮಾಡುತ್ತೇನೆ ಎಂದೂ ಹೇಳಿದರು. ಅದು ಅವಳೇ ಎಂದು ಸಾಲೆಯ ಬೇವಿನ ಗಿಡಕ್ಕೂ ಗೊತ್ತಿತ್ತು. ನನಗೂ ಗೊತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟು ಈಗ ಯಾರಿಂದ ಏನು ಗಳಿಸಲಿ?

ಅವಳ ಅಪ್ಪ ತಹಶೀಲ ಕಚೇರಿಯಲ್ಲಿ ಜವಾನ. ಕಚೇರಿಯವರು ಬಿಸಾಕಿದ ರದ್ದಿ ಕಾಗದದಲ್ಲಿ ನಾಲ್ಕು ಹಾಳೆ ತಂದುಕೊಟ್ಟ. ಇದ್ದಿಲು, ಅರಿಷಿಣ, ಕೆಮ್ಮಣ್ಣು ಸೇರಿಸಿ ನಾನು ಬರೆದೆ. ಮೊದಲನೆಯದರಲ್ಲಿ ಕತ್ತೆ ಗೊಂಡೆಯ ಟೋಪಿ ಹಾಕಿಕೊಂಡು ಕಲ್ಲಿನ ಮೇಲೆ ನಿಂತಿದೆ. ಎರಡನೆಯದರಲ್ಲಿ ಅದು ಆಡು, ಕೋಳಿ ಎಲ್ಲರನ್ನೂ ಕರೆದುಕೊಂಡು ಹೋಗಿ ಕೆಸರಿಗೆ ಕೆಡವಿದೆ. ಮೂರನೆಯದರಲ್ಲಿ ಶೇರ್, ಅಂದರೆ ಸಿಂಹ, ಅವರನ್ನು ಹಿಡಿದು ಕೆಸರಿನಿಂದ ಮೇಲಕ್ಕೆ ಎಳೆಯುತ್ತಿದೆ. ನಾಲ್ಕನೆಯದರಲ್ಲಿ ಟೋಪಿ ಸಿಂಹದ ತಲೆಯ ಮೇಲೆ, ಉಳಿದವರ ಸಲಾಮು. ದೊಡ್ಡವರು ಬಂದಾಗ ರಾಜ ಗೆಲ್ಲಬೇಕು ಎಂಬಷ್ಟು ಲೋಕಜ್ಞಾನ ನಮಗೂ ಇತ್ತು. ಸಿಂಹವನ್ನು ಕಂಡವರು ಯಾರು? ಓಣಿಯ ನಾಯಿಗೆ ಗಡ್ಡ ಬರೆದೆ. ಯಾವುದು ಯಾವುದೆಂದು ತಿಳಿಯಲಿ ಎಂದು ಅವಳು ಪ್ರಾಣಿಗಳ ಹೆಸರನ್ನಷ್ಟೇ ಕೆಳಗೆ ಮುತ್ತಿನಂತೆ ಬರೆದಳು.

ಅಂಟಿಸುವಾಗ ನಾನು ಎಡಗಡೆಯಿಂದ ಶುರು ಮಾಡಿದೆ.

"ಏ ಹುಚ್ಚಿ, ಇಲ್ಲಿ ಎಲ್ಲಾರೂ ಬಲಗಡಿಂದ ಓದ್ತಾರ. ಕತ್ತೀನ ಆ ಕಡಿ ಹಚ್ಚು," ಎಂದಳು.

"ಚಿತ್ರ ಬರ್ದಾಕಿ ನಾನು. ನಮ್ಮ ಮನ್ಯಾಗ ಎಡಗಡಿಂದನ ಓದ್ತೀವಿ."

"ಬರಾಕಿ ಬಾಯಿಸಾಬರು, ನಿಮ್ಮಜ್ಜ ಅಲ್ಲ."

"ಎಲ್ಲಾ ನೀ ಹೇಳಿದಂಗ ಆಗಬೇಕೇನು? ನೀ ಇನ್ನಾ ಮಾನಿಟರ್ ಆಗಿಲ್ಲ."

ಅವಳು ನಕ್ಕಳು. "ಹೂಂ ಬಿಡು. ಇವತ್ತು ನೀನ ಸರದಾರ," ಎಂದು ಅಂಟಿನ ಬಟ್ಟಲು ನನ್ನ ಕೈಗೆ ಕೊಟ್ಟಳು. ಅವಳ ಮಾತು ಸರಿ ಎಂದು ಆಗಲೇ ತಿಳಿದಿತ್ತು. ಸರಿ ಎಂದು ತಿಳಿದದ್ದರಿಂದಲೇ ಕೇಳಲಿಲ್ಲ.

ಬಾಯಿಸಾಹೇಬರು ಬಂದರು, ಗೋಡೆಯ ಮುಂದೆ ನಿಂತರು, ಬಲದ ತುದಿಗೆ ಬೆರಳಿಟ್ಟರು. ಆ ಕಡೆಯಿಂದ ನೋಡಿದರೆ ನನ್ನ ಕತೆ ಪೂರಾ ತಲೆಕೆಳಗು. ಟೋಪಿ ಹಾಕಿಕೊಂಡ ಸಿಂಹಕ್ಕೆ ಎಲ್ಲರ ಸಲಾಮು. ಸಿಂಹ ಅವರನ್ನು ಕೆಸರಿಗೆ ತಳ್ಳುತ್ತಿದೆ. ಎಲ್ಲರೂ ಕೆಸರಿನಲ್ಲಿ. ಕಡೆಗೆ ಬಾದಶಾಹನ ಟೋಪಿ ಕತ್ತೆಯ ತಲೆಯ ಮೇಲೆ! ಕಟ್ಟೆಯ ಮೇಲೆ ಕೂತ ಗಂಡಸರು ಕೂಡ ಹೈದರಾಬಾದಿನ ದೊರೆಯ ಮಾತು ಬಂದರೆ ದನಿ ತಗ್ಗಿಸುತ್ತಿದ್ದ ದಿನಗಳು ಅವು. ಮೊದಲ ಹಾಳೆಗೆ ನಕ್ಕ ಬಾಯಿಸಾಹೇಬರು ಕೊನೆಯದಕ್ಕೆ ಬರುವಷ್ಟರಲ್ಲಿ ನಗುತ್ತಿರಲಿಲ್ಲ.

ಈ ಬರಹ ಯಾರದು ಎಂದು ಉರ್ದುವಿನಲ್ಲಿ ಕೇಳಿದರು. ಅವಳು ಎದ್ದು ನಿಂತು ತನ್ನದು ಎಂದಳು.

ಚಿತ್ರ ಯಾರದು?

ಅವಳು ಒಂದು ಸಲ ನನ್ನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ನಾನು ಉಗುರು ನೋಡಿಕೊಂಡೆ. ಅರಿಷಿಣ ಇನ್ನೂ ಹೋಗಿರಲಿಲ್ಲ. ಎರಡೂ ಕೈಯನ್ನು ಲಂಗದ ನೆರಿಗೆಯೊಳಗೆ ಸೇರಿಸಿದೆ. ಒಂದೇ ಮಾತು ಸಾಕಿತ್ತು, ಎಡಗಡೆಯಿಂದ ಓದಿರಿ ಎಂದು. ಅದನ್ನು ಅವಳೂ ಹೇಳಬಹುದಿತ್ತು, ಆದರೆ ಹೀಗೆ ಉಲ್ಟಾ ಅಂಟಿಸಿದವರು ಯಾರು ಎಂಬ ಪ್ರಶ್ನೆ ನೆಟ್ಟಗೆ ನನ್ನ ಹತ್ತಿರ ಬರುತ್ತಿತ್ತು. ನಾನೇ ಹೇಳಲಿ ಎಂದು ಕಾದಳೆಂದು ಕಾಣುತ್ತದೆ.

"ಅದೂ ನಂದಽರೀ," ಎಂದಳು ಕಡೆಗೆ, ಉರ್ದು ಮರೆತು, ಕನ್ನಡದಲ್ಲಿ.

ಬಾಯಿಸಾಹೇಬರು ಹಾಳೆ ಕಿತ್ತು ತಿರುಗಿಸಿದರು. ಹಿಂದುಗಡೆ ಕಚೇರಿಯ ಮೊಹರು. ಅದನ್ನು ಉಸ್ತಾನಿಗೆ ತೋರಿಸಿ, ಒಲೆಗೆ ಹಾಕಿರಿ ಎಂದಷ್ಟೇ ಹೇಳಿ ಟಾಂಗಾ ಹತ್ತಿದರು. ಆಮೇಲೆ ಯಾರೂ ಏನೂ ವಿಚಾರಿಸಲಿಲ್ಲ. ಆದರೆ ಮೊಹರಿನ ಸುದ್ದಿ ಸಂಜೆಯೊಳಗೆ ಅವಳ ಅಪ್ಪನ ಕಿವಿಗೆ ಬಿತ್ತು. ಜವಾನನ ನೌಕರಿ, ಸಾಹೇಬರು ಸೀನಿದರೂ ಹಾರಿಹೋಗುವಂಥದು. ಹೊಡೆಯಲಿಲ್ಲ, ಬೈಯಲಿಲ್ಲ. "ಓದಿದ್ದು ಸಾಕಾತು ಬೇಟಿ, ಮನ್ಯಾಗ ಇರು," ಎಂದನಂತೆ. ಶುಕ್ರವಾರದ ಜುಮ್ಮಾ ರಜೆ ಕಳೆದ ಮೇಲೆ ಅವಳು ಸಾಲೆಗೆ ಬರಲಿಲ್ಲ.

ಅವರ ಮನೆಗೆ ಹೋಗಿ ನಿಜ ಹೇಳಬೇಕೆಂದು ಮೂರು ಸಲ ಹೊರಟೆ. ಮೂರು ಸಲವೂ ಬಾಗಿಲ ಪರದೆ ಕಂಡ ಕೂಡಲೇ ತಿರುಗಿದೆ. ಹೇಡಿ ನಾನು, ಇದಕ್ಕೆ ಬೇರೆ ಹೆಸರಿಲ್ಲ.

ಉಸ್ತಾನಿಯವರು ನನ್ನನ್ನು ಮಾನಿಟರ್ ಮಾಡಿದರು. ಅವಳನ್ನು ಬಿಟ್ಟರೆ ಓದಿನಲ್ಲಿ ಮುಂದಿದ್ದವಳು ನಾನೇ. ಮಾನಿಟರಳ ಮೊದಲ ಕೆಲಸ ಹಾಜರಿ ಕೂಗುವುದು. ಇಂದಲ್ಲ ನಾಳೆ ಬಂದಾಳು ಎಂದು ಉಸ್ತಾನಿ ಅವಳ ಹೆಸರು ಹೊಡೆದುಹಾಕಿರಲಿಲ್ಲ. ದಿನಾ ಬೆಳಿಗ್ಗೆ ಆ ಹೆಸರನ್ನು ನಾನೇ ಕೂಗಬೇಕು, ನಾನೇ "ಗೈರ್‌ಹಾಜರ್" ಎನ್ನಬೇಕು, ನಾನೇ ಅದನ್ನು ಬರೆಯಬೇಕು. ಮಾನಿಟರಿಕೆಯ ಆಸೆ ಮೂರೇ ದಿನಕ್ಕೆ ಬಿಟ್ಟುಹೋಯಿತು, ಕೆಲಸ ಬಿಡಲಿಲ್ಲ.

ಒಂದು ದಿನ ಆ ಹೆಸರು ಕೂಗಿದೆ. ಹಿಂದಿನ ಗೋಡೆಯ ಆಚೆಯಿಂದ, ಪಾತ್ರೆ ತಿಕ್ಕುವ ಸಪ್ಪಳ ನಿಂತು, ಗಟ್ಟಿ ದನಿ ಬಂತು.

"ಹಾಜರ್!"

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಆಚೆ ಅವಳೂ ನಗುತ್ತಿದ್ದಳು, ಆ ನಗು ನನಗೆ ಗೊತ್ತು. ಉಸ್ತಾನಿಯವರು ನಗಲಿಲ್ಲ, ಬೈಯಲೂ ಇಲ್ಲ. ನನ್ನ ಮುಖ ನೋಡಿದರು. ಬರೆಯುವ ಟಾಕು ನನ್ನ ಕೈಯಲ್ಲಿತ್ತು, ಹಾಜರಿ ಪಟ ನನ್ನ ತೊಡೆಯ ಮೇಲೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಆಮೇಲೆ ನನಗೆ ಸಿಗಲೇ ಇಲ್ಲ. ನಾನು ತಲೆ ತಗ್ಗಿಸಿ ಟಾಕನ್ನು ಮಸಿಯಲ್ಲಿ ಅದ್ದಿ ಗೈರ್‌ಹಾಜರ್ ಎಂದು ಬರೆದೆ, ಬಲದಿಂದ ಎಡಕ್ಕೆ, ಒಂದಕ್ಷರವೂ ತಪ್ಪದಂತೆ.