ಲಾಂಗ್ ಪ್ಲೇಯಲ್ಲಿ ಅಪ್ಪಯ್ಯ

ಅಪ್ಪಯ್ಯ ನಡೆದಾಡುವುದು, ಮಾತಾಡುವುದು ದಾಖಲಾಗಿದ್ದು ತಂಗಿಯ ಮದುವೆಯ ವಿಡಿಯೋದಲ್ಲಿ ಮಾತ್ರ. ಎಂಬತ್ತರ ದಶಕದ ಕೊನೆ. ತೀರ್ಥಹಳ್ಳಿಯ ನಮ್ಮ ಮನೆಯಂಗಳದ ಚಪ್ಪರದಲ್ಲಿ ಮದುವೆ ನಡೆದು ಮೂರೇ ತಿಂಗಳಿಗೆ ಅವರು ತೀರಿಕೊಂಡರು. ಉಳಿದದ್ದು ಮೂರು ಕ್ಯಾಸೆಟ್. ಅವನ್ನು ಕಾಪಾಡುವ ಕೆಲಸವನ್ನು, ಮನೆಯಲ್ಲೇ ಹೆಚ್ಚು ಹೆದರುವವನು ಎಂಬ ಅರ್ಹತೆಯ ಮೇಲೆ, ನನಗೆ ಒಪ್ಪಿಸಿದರು.

ಕೆಲಸದ ಮೇಲೆ ನಾನಿದ್ದದ್ದು ಸಾಗರದಲ್ಲಿ. ಬಾಡಿಗೆ ಮನೆಗೆ ತಂದು, ಒಂದೊಂದು ಕ್ಯಾಸೆಟ್ಟಿಗೂ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ, ದಾರ ಬಿಗಿದು, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಹೊರಗಿನ ಥಂಡಿ ಒಳಗೆ ಹೋಗಲಿಲ್ಲ, ನಿಜ. ಒಳಗಿದ್ದ ಥಂಡಿಯೂ ಹೊರಗೆ ಹೋಗಲಿಲ್ಲ. ಮಳೆಗಾಲ ಕಳೆದು ಬಿಚ್ಚಿದರೆ ಟೇಪಿನ ಅಂಚಿನುದ್ದಕ್ಕೂ ಬಿಳೀ ಬೂಸ್ಟು. ಪಕ್ಕದ ಮನೆಯವರು ಕಿಟಕಿಯ ಮೇಲೆ ಬಿಸಾಡಿಟ್ಟಿದ್ದ ಕ್ಯಾಸೆಟ್ಟುಗಳಿಗೆ ಏನೂ ಆಗಿರಲಿಲ್ಲ.

ಮದುವೆಯ ವಿಡಿಯೋ ತೆಗೆದವರ ಅಂಗಡಿ ಸಾಗರದ ಪೇಟೆಯಲ್ಲೇ ಇತ್ತು. ಅವರು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

"ಎಂಥ ಸಾರ್ ಇದು, ಕಂಬಳಿ ಹೊದೆಸಿ ಮಲಗ್ಸಿದ್ರಾ?"

"ಉಳಿಯುತ್ತಾ?"

"ಒರೆಸಿ ಒಂದ್ಸಲ ಓಡಿಸ್ಬಹುದು. ಎರಡನೇ ಸಲಕ್ಕೆ ನಾ ಗ್ಯಾರಂಟಿ ಕೊಡಲ್ಲ. ಬೇರೆ ಕ್ಯಾಸೆಟ್ಟಿಗೆ ಇಳಿಸ್ಕಂಬಿಡಿ. ಒಳ್ಳೆ ಖಾಲಿ ಕ್ಯಾಸೆಟ್ ಅಂತ ಇರೋದು ಒಂದೇ."

ಮೂರೂ ಸೇರಿ ಐದು ಗಂಟೆಯ ಮದುವೆ. ಖಾಲಿ ಕ್ಯಾಸೆಟ್ಟು ಮೂರು ಗಂಟೆಯದು. ಆದರೆ ಅವರಲ್ಲಿ ದುಬೈಯಿಂದ ಬಂದ ಒಂದು ಮೆಷಿನ್ನಿತ್ತು. ಅದರಲ್ಲಿ ಲಾಂಗ್ ಪ್ಲೇ ಗುಂಡಿ ಒತ್ತಿದರೆ ಟೇಪು ಅರ್ಧ ವೇಗದಲ್ಲಿ ಓಡುತ್ತಿತ್ತು. ಅಷ್ಟೇ ಟೇಪಿನಲ್ಲಿ ಎರಡರಷ್ಟು ಹಿಡಿಯುತ್ತಿತ್ತು.

"ಚಿತ್ರ ಕೆಡಲ್ವಾ?"

"ಚೂರು ಮಂಕಾಗುತ್ತೆ. ನಿಮ್ಮಷ್ಟಲ್ಲ."

ಒಂದು ನಿಮಿಷವನ್ನೂ ಕತ್ತರಿಸಬಾರದೆಂದು ನಿಶ್ಚಯಿಸಿದೆ. ಧಾರೆಯ ಇಪ್ಪತ್ತು ನಿಮಿಷ ಮಾತ್ರ ಮಾಮೂಲಿ ವೇಗದಲ್ಲಿ, ಉಳಿದದ್ದೆಲ್ಲ ಲಾಂಗ್ ಪ್ಲೇಯಲ್ಲಿ ಎಂದು ಹುಕುಂ ಹೊರಡಿಸಿ, ರಜೆ ಹಾಕಿ ಮೆಷಿನ್ನಿನ ಮುಂದೆ ಕೂತೆ. ಗೋಡೆಯಾಚೆ ಒಂದು ಕ್ಲಿನಿಕ್ಕು. ಡಾಕ್ಟರು ಗದರುತ್ತಾರೆಂದು ಅಂಗಡಿಯವರು ಟೀವಿಯ ಶಬ್ದ ಪೂರ್ತಿ ತಗ್ಗಿಸಿದ್ದರು. ನನಗೆ ಶಬ್ದ ಬೇಕಿರಲಿಲ್ಲ. ಹೊಸ ಕ್ಯಾಸೆಟ್ಟಿಗೆ ಇಳಿಸಿದ್ದನ್ನು ಮತ್ತೆ ಹಾಕಿಸಿ, ಊಟದ ಪಂಕ್ತಿಯಲ್ಲಿ ಓಡಾಡುವ ಅಪ್ಪಯ್ಯನ ಅಂಗಿಯ ಗುಂಡಿ ಎಣಿಸಿದೆ. ಐದೂ ಕಂಡವು. ಎಲೆಯ ತುದಿಯ ಉಪ್ಪೂ ಕಂಡಿತು. ಗೆದ್ದೆ ಅಂದುಕೊಂಡೆ.

ಆಗ ಅವ್ವ ಹೊಸನಗರದಲ್ಲಿ ತಂಗಿಯ ಮನೆಯಲ್ಲಿದ್ದಳು. ಅಂಥದೇ ಮೆಷಿನ್ನು ಅಲ್ಲೂ ಇತ್ತು; ಹೊಸ ಕ್ಯಾಸೆಟ್ಟನ್ನು ಒಯ್ದು ಹಾಕಿದೆ. ಧಾರೆ ಕನ್ನಡಿಯಂತೆ ಬಂತು. ಆಮೇಲೆ ಊಟದ ಪಂಕ್ತಿ. ಸಾಂಬಾರಿನ ಬಕೆಟ್ಟಿನ ಹಿಂದೆ ಅಪ್ಪಯ್ಯ ಬಂದರು, ಬಾಯಿ ತೆರೆದರು. ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಬಾವಿಯೊಳಗಿಂದ ಮಾತಾಡಿದ ಹಾಗೆ ಏನೋ ಕೇಳಿತು.

"ಯಾರ ಧ್ವನಿ ಅದು?" ಅಂದಳು ಅವ್ವ.

"ಅಪ್ಪಯ್ಯಂದು."

"ಅಲ್ಲ."

ತಂಗಿ ನನ್ನ ಕಡೆ ತಿರುಗಿದಳು. "ಅಣ್ಣ, ಧಾರೆಲಿ ಅಪ್ಪಯ್ಯ ಬಾಯೇ ಬಿಟ್ಟಿಲ್ಲ. ಭಟ್ರು ಒಬ್ರೇ ಮಾತಾಡಿದ್ದು. ಅದನ್ನ ಚೊಕ್ಕ ಮಾಡ್ಸಿ, ಅವ್ರು ಕೂಗಿದ್ದಷ್ಟನ್ನೂ ಹಾಳು ಮಾಡಿದ್ಯಲ್ಲ ಮಾರಾಯಾ!"

ಟೇಪು ನಿಧಾನವಾದರೆ ಚಿತ್ರಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಶಬ್ದಕ್ಕಂತೆ. ನಾನು ಎಲ್ಲವನ್ನೂ ಕಣ್ಣಲ್ಲೇ ಪರೀಕ್ಷಿಸಿದ್ದೆ. ಅವ್ವ ಎದ್ದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮೊದಲ ಬಸ್ಸಿಗೆ ಸಾಗರ. ಬಸ್ಸು ಕೆಟ್ಟರೆ, ಚಾಲಕ ಬರದಿದ್ದರೆ ಎಂದು ಲೆಕ್ಕ ಹಾಕುವ ನನ್ನ ಚಾಳಿ ಅವತ್ತು ಅದು ಹೇಗೋ ಮರೆತುಹೋಗಿತ್ತು. ಹೊಸ ಕ್ಯಾಸೆಟ್ಟಿನ ಕೊನೆಯಲ್ಲಿ ಇನ್ನೂ ಇಪ್ಪತ್ತು ನಿಮಿಷದ ಜಾಗವಿತ್ತು. ಊಟದ ಪಂಕ್ತಿಯನ್ನು ಅಲ್ಲಿ ಮಾಮೂಲಿ ವೇಗದಲ್ಲಿ ಇನ್ನೊಮ್ಮೆ ಹಾಕಿ ಅಂದೆ.

"ಹಳೇ ಟೇಪು ಹರಿದ್ರೆ ನನ್ನನ್ನ ಬೈಯಂಗಿಲ್ಲ ಸಾರ್."

"ಹರಿದ್ರೆ ಬೂಸ್ಟು ಬರ್ಸಿದವನನ್ನ ಬೈತಾರೆ. ಹಾಕಿ."

ಡಾಕ್ಟರ ಹತ್ತಿರ ನಾನೇ ಹೋಗಿ ಅರ್ಧ ಗಂಟೆಯ ಗಲಾಟೆಗೆ ಅನುಮತಿ ಬೇಡಿಕೊಂಡು ಬಂದೆ. ಎರಡು ಸಲ ಟೇಪು ಕಿರ್ರೆಂದು ನಿಂತಿತು. ಎರಡು ಸಲವೂ ತೆಗೆಸಿ, ಒರೆಸಿ, ಮತ್ತೆ ಹಾಕಿಸಿದೆ. ಇಷ್ಟಕ್ಕೇ ಬಿಡೋಣ ಎಂದು ಅಂಗಡಿಯವರು ಅಂದರು, ನಾನು ಅನ್ನಲಿಲ್ಲ. ಮೂರನೆಯ ಸಲ ಓಡಿತು. ಗುಂಡಿ ಹಾಗಿರಲಿ, ಅಂಗಿಯೇ ಸರಿಯಾಗಿ ಕಾಣದಷ್ಟು ಬಿಳೀ ಗೆರೆಗಳು ಪರದೆಯ ತುಂಬ ಸುರಿಯುತ್ತಿದ್ದವು. ನಾನು ಕಣ್ಣು ಮುಚ್ಚಿ ಕೇಳಿಸಿಕೊಂಡೆ.

ಭಾನುವಾರ ಹೊಸನಗರದಲ್ಲಿ ಕ್ಯಾಸೆಟ್ಟಿನ ಆ ಕೊನೆಯ ಭಾಗ ಹಾಕಿದೆ. ಅವ್ವ ನೆಲದ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಟೀವಿಯ ಕಡೆ ನೋಡಲೂ ಇಲ್ಲ. ಬಿಳೀ ಗೆರೆಗಳ ಹಿಂದಿನಿಂದ ಅಪ್ಪಯ್ಯ ಕೂಗಿದರು.

"ಏ, ಕಡೇ ಸಾಲಿಗೆ ಸಾರು ಬಂದಿಲ್ಲ ಕಣ್ರೋ! ಎಂಥ ಮಾಡ್ತಿದೀರಾ ಅಲ್ಲಿ?"

ಅವ್ವನ ಕೈ ನಿಂತಿತು. ಆಮೇಲೆ ಇನ್ನೊಂದು ಎಲೆ ಚಿವುಟಿದಳು.

"ಬಂತು, ಬಂತು. ಬೊಬ್ಬೆ ಹಾಕ್ಬೇಡಿ," ಅಂದಳು.