ಎರಡು ಶಾಲೆಗಳ ಗಣಿತ ಟೀಚರು

ಲಿಂಗಸುಗೂರಿನ ದರ್ಜಿ ಇಸ್ಮಾಯಿಲ್‌ಸಾಬ್ ಅವರ ಕಿರಿಯ ಮಗಳು ಅರ್ಜುಮಂದ್‌ಗೆ ಇತಿಹಾಸವೆಂದರೆ ಪ್ರಾಣ. ಚಿಕ್ಕಂದಿನಲ್ಲಿ ಮಸ್ಕಿಯ ಅಜ್ಜಿಯ ಮನೆಗೆ ಹೋದಾಗಲೆಲ್ಲ ಅಶೋಕನ ಶಾಸನದ ಬಂಡೆಯೆದುರು ಕೂತು ಬರುತ್ತಿದ್ದಳಂತೆ. ಓದಲು ಬಾರದ ಆ ಅಕ್ಷರಗಳನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ ಎಂದು ನನಗೆ ಹೇಳಿದ್ದಾಳೆ.

ಪಿಯುಸಿ ಮುಗಿದಾಗ ಬಿ.ಎ. ಸೇರುತ್ತೇನೆಂದಳು. ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ನಿಮ್ಮಕ್ಕ ವಸೀಮಾನೂ ಸಮಾಜಾನ ಓದ್ಯಾಳ. ಬಿ.ಎಡ್. ಮುಗಿಸಿ ಎಲ್ಲಿ ಕುಂತಾಳ ನೋಡು."

"ಕುಂತಿಲ್ಲಬ್ಬಾ, ರೊಟ್ಟಿ ಬಡ್ಯಾಕತ್ತೀನಿ," ಎಂದಳು ವಸೀಮಾ ಅಡುಗೆಮನೆಯಿಂದಲೇ. "ಏ ಅರ್ಜು, ಗಣಿತ ತಗೋ. ಸಮಾಜಕ್ಕ ಮಂದಿ ಸಾಲುಗಟ್ಟಿ ನಿಂತಾರ. ಗಣಿತ ಟೀಚರ್‌ನ ಹುಡುಕ್ಕೊಂಡು ಬರ್ತಾರ."

ಅಕ್ಕ ಹೇಳಿದಂತೆಯೇ ಆಯಿತು. ಗಣಿತ ಓದಿ, ಬಿ.ಎಡ್. ಮುಗಿಸಿ ಬರೆದ ಮೊದಲ ನೇಮಕಾತಿ ಪರೀಕ್ಷೆಯಲ್ಲೇ ಅರ್ಜುಮಂದ್‌ಗೆ ಸರಕಾರಿ ಕೆಲಸ ಸಿಕ್ಕಿತು. ಸಿಂಧನೂರಿಗೆ ಬಂದು ನಮ್ಮ ಮನೆಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದಳು. ಗಣಿತದವರು ಸಾಲದ್ದರಿಂದ ಆಕೆಯನ್ನು ಎರಡು ಶಾಲೆಗಳಿಗೆ ಹಂಚಿದ್ದರು. ವಾರದ ಮೊದಲ ಮೂರು ದಿನ ಜವಳಗೇರಾ ದಾರಿಯ ಒಂದು ಹಳ್ಳಿ, ಉಳಿದ ಮೂರು ದಿನ ಬಳಗಾನೂರು ಕಡೆಯದು. ಎರಡೂ ಕಡೆ ಆಕೆ ಕೂರುತ್ತಿದ್ದುದು ಅಂದು ರಜೆ ಹಾಕಿದವರ ಕುರ್ಚಿಯಲ್ಲಿ.

ತನ್ನದೆನ್ನುವ ಒಂದು ತರಗತಿ ಇರಬೇಕೆಂದು ಆಕೆಗೆ ಆಸೆ. ಬೆಳಿಗ್ಗೆ ಹೆಸರು ಹಿಡಿದು ಹಾಜರಿ ಕರೆಯುವುದು, ಬಾರದವರ ಮನೆಗೆ ಹೇಳಿ ಕಳಿಸುವುದು, ಅಷ್ಟೇ. ಜವಳಗೇರಾ ದಾರಿಯ ಶಾಲೆಯ ಮುಖ್ಯಗುರು ಕರಿಬಸಯ್ಯನವರನ್ನು ಕೇಳಿಯೂ ನೋಡಿದಳು.

"ನಿಮ್ಮನ್ನ ಬಿಟ್ರ ನಮಗ ಗತಿ ಇಲ್ರೀ ಮೇಡಂ," ಎಂದರು ಅವರು. "ಆದ್ರ ನೀವಿಲ್ಲದ ದಿನ ಹಾಜರಿ ಯಾರು ತಗೋಬೇಕು?"

ಈ ಸಲ ಹತ್ತನೇ ತರಗತಿಯ ಬೀಳ್ಕೊಡುಗೆಯನ್ನು ಎರಡೂ ಶಾಲೆಯವರು ಒಂದೇ ಭಾನುವಾರ ಇಟ್ಟುಕೊಂಡರು. ಆ ಶಾಲೆಯವರು ಕರೆದಿರುತ್ತಾರೆ ಎಂದು ಇವರು, ಈ ಶಾಲೆಯವರು ಕರೆದಿರುತ್ತಾರೆ ಎಂದು ಅವರು, ಸುಮ್ಮನಿದ್ದುಬಿಟ್ಟರು. ಸುದ್ದಿ ಆಕೆಗೆ ಗೊತ್ತಾದದ್ದು ಮಕ್ಕಳ ಬಾಯಿಂದ.

ಆ ಭಾನುವಾರ ಆಕೆ ಹೊಸ ಸೀರೆ ಉಟ್ಟು ಕೆಳಗಿಳಿದಾಗ ನಾನು ತುಳಸಿಗೆ ನೀರು ಹಾಕುತ್ತಿದ್ದೆ.

"ಯಾವ ಊರಿಗವ್ವಾ?"

"ಯಾವ ಬಸ್ಸು ಮೊದಲು ಬರ್ತದೋ ಆ ಊರಿಗ್ರೀ ಅಕ್ಕಾರ," ಎಂದಳು. ನಗಲಿಲ್ಲ.

ಮೊದಲು ಬಂದದ್ದು ಜವಳಗೇರಾ ಬಸ್ಸು. ಆಕೆ ಮುಟ್ಟುವಷ್ಟರಲ್ಲಿ ಫೋಟೋ ತೆಗೆದಾಗಿತ್ತು, ಬೆಂಚು ಎತ್ತಿಡುತ್ತಿದ್ದರು.

"ಅಯ್ಯ, ನೀವು ಬಳಗಾನೂರು ಕಡೆ ಹೋಗಿರ್ತೀರಿ ಅನ್ಕೊಂಡ್ವಿರೀ," ಎಂದು ಕರಿಬಸಯ್ಯನವರು ತಾವೇ ಶಿರಾದ ತಟ್ಟೆ ತಂದುಕೊಟ್ಟರು.

ತಟ್ಟೆ ಹಿಡಿದು ಖಾಲಿ ಕೋಣೆಯಲ್ಲಿ ಕೂತಳು. ಕಪ್ಪುಹಲಗೆಯ ಮೇಲೆ ಬಣ್ಣದ ಸುಣ್ಣಕಡ್ಡಿಯಲ್ಲಿ ಹೂಬಳ್ಳಿ, ನಡುವೆ ಶಿಕ್ಷಕರ ಹೆಸರುಗಳು. ಎರಡು ಸಲ ಓದಿದಳು. ಆಕೆಯದಿರಲಿಲ್ಲ.

ಬಾಗಿಲಲ್ಲಿ ಹತ್ತನೆಯ ಪ್ರಿಯಾಂಕಾ ಇಣುಕಿದಳು. ಹಿಂದೆ ಇನ್ನೂ ಕೆಲವು ಹುಡುಗಿಯರು.

"ಮೇಡಂ, ನೀವು ಬಂದೀರಿ ಅಂತ ಅಂದ್ರು. ಥೇಲ್ಸ್ ಪ್ರಮೇಯ ಇನ್ನೂ ತಲಿಗೆ ಹತ್ತವಲ್ದ್ರೀ. ಈಗ ಹೇಳ್ತೀರೇನು?"

ಅರ್ಜುಮಂದ್ ಎದ್ದು ಅಂಚಿನ ಹೂಬಳ್ಳಿಯನ್ನಷ್ಟೇ ಒರೆಸಿದಳು. ಹೆಸರುಗಳನ್ನು ಮುಟ್ಟಲಿಲ್ಲ. ಹುಡುಗಿಯರು ಒಳಬಂದು ಕೂತರು. ಉಳಿದ ಜಾಗದಲ್ಲಿ ತ್ರಿಕೋನ ಬರೆದು ಹುಡುಗಿಯರತ್ತ ತಿರುಗಿದವಳು, ಪಾಠ ಶುರುಮಾಡುವ ಮೊದಲು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯತೊಡಗಿದಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪ್ರಿಯಾಂಕಾ ಎದ್ದು ನಿಂತು, "ಹಾಜರ್ರೀ ಮೇಡಂ," ಎಂದಳು.