ಕಿಟಕಿ ಪಕ್ಕದ ಸೀಟಿನ ವಿಮರ್ಶಕ

ನೆಲದ ಮೇಲೆ ಸಿಕ್ಕಿಬಿದ್ದರೆ ಓಡಿಹೋಗಬಹುದು. ವಿಮಾನದಲ್ಲಿ, ಅದೂ ಕಿಟಕಿ ಪಕ್ಕದ ಸೀಟಿನಲ್ಲಿ ಸಿಕ್ಕಿಬಿದ್ದರೆ? ಅದನ್ನು ನಾನು ಹೋದ ತಿಂಗಳು ಕಲಿತೆ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಬ್ಬು ಬೆಳೆಗಾರರು ಬ್ರೆಜಿಲ್ಲಿಗೆ ಅಧ್ಯಯನ ಪ್ರವಾಸ ಹೊರಟಿದ್ದರು. (ಅಧ್ಯಯನ ಎಂದರೆ ಪರದೇಶದ ಕಬ್ಬಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವುದು.) ಬರೆಯುವವನೊಬ್ಬ ಇರಲಿ ಎಂದು ನನ್ನನ್ನೂ ಸೇರಿಸಿಕೊಂಡರು. ಹದಿನೈದು ತಾಸಿನ ಹಾರಾಟ. ಪಕ್ಕದಲ್ಲಿ ಕುಲಗೋಡದ ಬಸಪ್ಪ ಕಾಕಾ, ಅವರ ಆಚೆ ಹೆಂಡತಿ ನೀಲವ್ವ.

ಕಾಕಾ ನನ್ನ ಅಂಕಣವನ್ನು ವಾರವಾರವೂ ಓದುವುದಷ್ಟೇ ಅಲ್ಲ, ಬಾಯಿಪಾಠ ಮಾಡುವ ಓದುಗ. ಇಂಥವರು ಸಿಗುವುದು ಪುಣ್ಯ. ಪಕ್ಕದ ಸೀಟಿನಲ್ಲೇ ಸಿಗುವುದು ಕರ್ಮ.

ವಿಮಾನದವರ ಅನ್ನವನ್ನು ಬದಿಗಿಟ್ಟು ನೀಲವ್ವ ಚೀಲದಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ನನಗೂ ಕೊಟ್ಟರು. ಊಟ ಮುಗಿದದ್ದೇ ಎಲ್ಲರೂ ಎದುರಿನ ಪುಟ್ಟ ಪರದೆಗಳಲ್ಲಿ ಮುಳುಗಿದರು. ಕಾಕಾನ ಪರದೆ ಕೆಟ್ಟಿತ್ತು. ಹಾಗಾಗಿ ಅವರು ನನ್ನದನ್ನೇ ನೋಡತೊಡಗಿದರು.

ಪಟ್ಟಿಯಲ್ಲಿ ಕನ್ನಡ ಸಿನಿಮಾ ಇದ್ದದ್ದು ಒಂದೇ. ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಹೆಂಗಸಿನ ಕಥೆ. ಹೋದ ವರ್ಷ ಇದೇ ಅಂಕಣದಲ್ಲಿ ನಾನು ಅದನ್ನು ಹಿಗ್ಗಾಮುಗ್ಗಾ ಬೈದಿದ್ದೆ. ‘ಕರವಸ್ತ್ರದ ವ್ಯಾಪಾರಿಗಳೇ ಸೇರಿ ತೆಗೆಸಿದ ಸಿನಿಮಾ’ ಎಂದು ಬರೆದು, ಎರಡು ಸಲ ಓದಿಕೊಂಡು ನಾನೇ ನಕ್ಕಿದ್ದೆ. ಸಣ್ಣದೊಂದು ಕೊರತೆಯಿತ್ತು. ಸಿನಿಮಾ ನೋಡಿರಲಿಲ್ಲ. (ಟ್ರೇಲರ್ ನೋಡಿದ್ದೆ. ಅದೂ ಅರ್ಧ.) ಎಲ್ಲವನ್ನೂ ನೋಡುತ್ತಾ ಕುಳಿತರೆ ಡೆಡ್‌ಲೈನ್ ಕಾಯುತ್ತದೆಯೇ?

ಹೊತ್ತು ಹೋಗದೆ ಅದನ್ನೇ ಒತ್ತಿದೆ. ಜೀವಮಾನವೆಲ್ಲ ಊರ ಮಕ್ಕಳಿಗೆ ಬಡಿಸಿದ ಆ ಹೆಂಗಸು ಮೊದಲ ಸಲ ಪಂಕ್ತಿಯಲ್ಲಿ ಕೂತಾಗ, ಹುಡುಗಿಯೊಬ್ಬಳು ಅವಳ ತಾಟಿಗೆ ಬಿಸಿ ರೊಟ್ಟಿ ಹಾಕುತ್ತಾಳೆ. ಅಷ್ಟೇ. ನಾನು ಅತ್ತುಬಿಟ್ಟೆ. ಕಿಟಕಿ ಕಡೆ ಮುಖ ತಿರುಗಿಸಿ, ಪೇಪರ್ ನ್ಯಾಪ್‌ಕಿನ್ ಮೂಗಿಗೆ ಹಿಡಿದು ಅತ್ತೆ.

ಕಾಕಾ ಭುಜ ತಟ್ಟಿದರು. ಇದು ಆ ಕರವಸ್ತ್ರದವರ ಸಿನಿಮಾ ಅಲ್ಲವೇ ಎಂದು ಕೇಳಿದರು. ನನ್ನ ಸಾಲನ್ನು ಅಕ್ಷರ ತಪ್ಪದೆ ನನಗೇ ಒಪ್ಪಿಸಿದರು. ಎರಡನೇ ಸಲ ನೋಡುತ್ತಿದ್ದೇನೆ ಎನ್ನಬಹುದಿತ್ತು. ಆದರೆ ಮೂಗು ಸೋರುತ್ತಿರುವಾಗ ಸುಳ್ಳು ಹೇಳುವುದು ಕಷ್ಟ. ನೋಡುತ್ತಿರುವುದು ಇದೇ ಮೊದಲು ಎಂದು ಒಪ್ಪಿಕೊಂಡೆ.

“ನಾವು ಎತ್ತ ತರಾಕ ಹೋದ್ರ ಬಾಯಿ ತಗಸಿ ಹಲ್ಲ ನೋಡ್ತೀವ್ರಿ,” ಎಂದರು ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆಮೇಲೆ ಉಳಿದದ್ದನ್ನೂ ಹೇಳಿದರು. ನೀಲವ್ವ ಊರ ಸಾಲಿಯಲ್ಲಿ ವರ್ಷಗಟ್ಟಲೆ ಬಿಸಿಯೂಟ ಮಾಡಿ ಬಡಿಸಿದವರು. ಈ ಸಿನಿಮಾ ಗೋಕಾಕಕ್ಕೆ ಬಂದಾಗ ನೋಡಲೇಬೇಕೆಂದು, ಇಳಕಲ್ ಸೀರೆ ಉಟ್ಟು ಬಸ್ಸಿಗೆ ನಿಂತಿದ್ದರಂತೆ. ಥೇಟರಿಗೆ ಹೋಗೋಣವೆಂದು ಅವರಾಗಿಯೇ ಕೇಳಿದ್ದು ಅದೊಂದೇ ಸಲ. ಅವತ್ತೇ ನನ್ನ ಅಂಕಣ ಬಂದಿತ್ತು. ಕಾಕಾ ಬಸ್ ಸ್ಟ್ಯಾಂಡಿನಲ್ಲೇ ಅದನ್ನು ಓದಿ, ಹೆಂಡತಿಯನ್ನು ಮನೆಗೆ ವಾಪಸ್ ಕರೆದುಕೊಂಡು ಹೋದರು.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಒಂದು ಚುರುಕು ಸಾಲಿನ ಆಸೆಗೆ ನಾನು ಎಷ್ಟು ಜನರನ್ನು ಬಸ್ ಸ್ಟ್ಯಾಂಡಿನಿಂದ ಮನೆಗೆ ಕಳಿಸಿದ್ದೇನೋ. ನೀಲವ್ವನಿಗೆ ತಪ್ಪಾಯಿತು ಎಂದೆ.

ಅವರು ತಮ್ಮ ಪರದೆಯಲ್ಲಿ ಅದೇ ಸಿನಿಮಾ ಹಚ್ಚಿಸಿಕೊಂಡು ಕೊನೆಯವರೆಗೂ ಕದಲದೆ ಕೂತರು. ಕಾಕಾ ಆ ಕಡೆಗೆ ಕತ್ತು ಚಾಚಿ ನೋಡಿದರು. ನಾನು ನೀಲವ್ವನ ಮುಖ ನೋಡುತ್ತಿದ್ದೆ.

ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನನ್ನು ದಾಟಿ ನನ್ನ ಕಡೆ ಬಾಗಿದರು.

“ಮುಂದಿನ ವಾರ ಯಾವ ಸಿನಿಮಾ ಬೈಯಾವ್ರದೀರಿ, ಈಗ ಹೇಳಿಬಿಡ್ರಿ. ಅದನ್ನ ನಾ ಮೊದಲ ನೋಡ್ಕೊಂಡ ಬರ್ತೀನಿ.”